ಮಕ್ಕಳ ವಾರ್ಡಿನಲ್ಲಿ ಕೂಡಿಬರುವ ಬಳಗ

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿ ಕಥೆ ಹೇಳಿ, ಆಟ ಆಡಿಸಿ, ಗೊಂಬೆ ಕುಣಿಸಿ ಬರುವ ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿದರೆ ಅವರಲ್ಲಿ ಹಲವರು ಒಂದೇ ಮಾತು ಹೇಳುತ್ತಾರೆ: ಹೋದದ್ದು ಮಕ್ಕಳಿಗಾಗಿ, ಆದರೆ ನಮಗೇ ಒಂದು ಬಳಗ ಸಿಕ್ಕಿತು. ಈ ಮಾತು ಹೇಳುವಾಗ ಅವರ ದನಿಯಲ್ಲಿ ಸಂಕೋಚವೂ ಇರುತ್ತದೆ. ಕಾಯಿಲೆ ಬಿದ್ದ ಮಗುವಿನ ಮಂಚದ ಪಕ್ಕದಲ್ಲಿ ತನಗೆ ಸಂತೋಷ ಸಿಕ್ಕಿತು ಎಂದು ಹೇಳಿಕೊಳ್ಳಬಹುದೇ ಎಂಬ ಅಳುಕು ಅದು. ಹಿರಿಯರಲ್ಲಿ ಕೆಲವರಿಗೆ ಇದೇ ಕಾರಣಕ್ಕೆ ಇಂಥ ಕೆಲಸದ ಮೇಲೆ ಅನುಮಾನ. ಹುಡುಗರು ಗೆಳೆತನಕ್ಕೆ, ಫೋಟೊಗೆ, ಪ್ರಮಾಣಪತ್ರಕ್ಕೆ ಹೋಗುತ್ತಾರೆ, ಮಕ್ಕಳು ಬರೀ ನೆಪ ಎನ್ನುತ್ತಾರೆ.

ಈ ಅಳುಕೂ ಬೇಕಿಲ್ಲ, ಈ ಅನುಮಾನವೂ ಪೂರ್ತಿ ಸರಿಯಲ್ಲ ಎಂಬುದು ನನ್ನ ವಾದ. ವಾರ್ಡಿನಲ್ಲಿ ಹುಟ್ಟುವ ಗೆಳೆತನ ಆ ಕೆಲಸಕ್ಕೆ ಅಂಟಿಕೊಂಡು ಬಂದ ಬೋನಸ್ ಅಲ್ಲ. ಆ ಕೆಲಸವನ್ನು ಚೆನ್ನಾಗಿ ಮಾಡಬೇಕಾದರೆ ಅಂಥದೊಂದು ಬಳಗ ಇರಲೇಬೇಕು. ಒಬ್ಬಂಟಿಯಾಗಿ ಯಾರೂ ಅದನ್ನು ಬಹಳ ದಿನ ಮಾಡಲಾರರು. ಹಾಗಾಗಿ ಬಳಗ ನಿಜವಾಗಿ ಕೂಡಿಬಂದಿದೆಯೇ ಎಂದು ನೋಡಿದರೆ ಸಾಕು, ಮಗುವಿಗೆ ನಿಜವಾಗಿ ಏನಾದರೂ ದಕ್ಕಿದೆಯೇ ಎಂಬುದೂ ಸುಮಾರಾಗಿ ತಿಳಿಯುತ್ತದೆ. ನಮ್ಮ ಕಾಲೇಜುಗಳು ಸಮಾಜಸೇವೆಯನ್ನು ಅಂಕಗಳ ಲೆಕ್ಕಕ್ಕೆ ಇಳಿಸುತ್ತಿರುವ ಹೊತ್ತಿನಲ್ಲಿ ಈ ನಂಟನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಮಗುವಿನ ಕಡೆಯಿಂದ ನೋಡೋಣ. ಆಸ್ಪತ್ರೆಯಲ್ಲಿರುವ ಮಗುವಿಗೆ ಔಷಧಿಯಷ್ಟೇ ಸಾಕು, ಆಟವೆಲ್ಲ ಗುಣವಾದ ಮೇಲೆ ಎಂಬ ನಂಬಿಕೆ ಬಹುಕಾಲ ವೈದ್ಯಲೋಕದಲ್ಲೇ ಇತ್ತು. ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರವನ್ನು ವೈದ್ಯರ ಮುಂದೆ ತಂದರು. ಎರಡು ವರ್ಷದ ಹೆಣ್ಣುಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದಷ್ಟೇ ಅದರ ವಸ್ತು. ಆಗಿನ ಹೆಚ್ಚಿನ ಬ್ರಿಟಿಷ್ ಆಸ್ಪತ್ರೆಗಳಲ್ಲಿ ತಂದೆತಾಯಿ ಮಗುವಿನ ಜೊತೆ ಉಳಿಯುವಂತಿರಲಿಲ್ಲ. ಆ ಮಗು ಅಳುವುದನ್ನು ಅದುಮಿಕೊಳ್ಳುವುದು, ದಿನದಿಂದ ದಿನಕ್ಕೆ ಮಂಕಾಗುವುದು, ಬಂದ ತಾಯಿಯಿಂದಲೂ ಮುಖ ತಿರುಗಿಸುವುದು ಕ್ಯಾಮೆರಾದಲ್ಲಿ ದಾಖಲಾಯಿತು. ಅಲ್ಲಿಯವರೆಗೆ ಸುಮ್ಮನಿರುವ ಮಗುವನ್ನು ‘ಹೊಂದಿಕೊಂಡ ಮಗು’ ಎಂದುಕೊಂಡಿದ್ದ ವೈದ್ಯರಿಗೆ ಅದು ಕಹಿಯಾಯಿತು, ಹಲವರು ಸಿಟ್ಟಾದರು. ಆದರೆ 1959ರಲ್ಲಿ ಬಂದ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿ ಮಕ್ಕಳ ವಾರ್ಡಿಗೆ ತಂದೆತಾಯಿ ಯಾವಾಗ ಬೇಕಾದರೂ ಬರುವಂತಿರಬೇಕು, ಅಲ್ಲಿ ಆಟಕ್ಕೂ ಕಲಿಕೆಗೂ ಅವಕಾಶವಿರಬೇಕು ಎಂದು ಶಿಫಾರಸು ಮಾಡಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿತು. ಮಗು ಆಸ್ಪತ್ರೆಗೆ ಸೇರಿದ ದಿನ ಆ ಹಕ್ಕು ರಜೆಯ ಮೇಲೆ ಹೋಗುವುದಿಲ್ಲ.

ನಮ್ಮ ಸರಕಾರಿ ಆಸ್ಪತ್ರೆಗಳ ಚಿತ್ರ ಬೇರೆ. ಇಲ್ಲಿ ತಾಯಿ ಮಗುವಿನ ಮಂಚದ ಬಳಿಯೇ ಇರುತ್ತಾಳೆ. ಔಷಧಿ ತರುವವಳು, ರಿಪೋರ್ಟಿಗೆ ಸರದಿ ನಿಲ್ಲುವವಳು, ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವವಳು ಎಲ್ಲ ಅವಳೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕಲಬುರಗಿ, ಬಳ್ಳಾರಿಯ ಕಡೆಯಿಂದಲೂ ನೆರೆಯ ಆಂಧ್ರ, ತಮಿಳುನಾಡುಗಳಿಂದಲೂ ಕುಟುಂಬಗಳು ಬರುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಯಲು ಎರಡರಿಂದ ಮೂರು ವರ್ಷ ಬೇಕು. ಅದರಲ್ಲಿ ಎಷ್ಟೋ ಕಾಲ ಮಗು ಶಾಲೆಯಿಂದ, ಓಣಿಯಿಂದ, ಓರಗೆಯವರಿಂದ ದೂರ. ತಾಯಿಯೂ ಉಳಿದ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದಿರುತ್ತಾಳೆ. ಯಾರೋ ಬಂದು ಮಗುವಿನ ಜೊತೆ ಒಂದು ಗಂಟೆ ಕೂತರೆ ಆ ತಾಯಿಗೆ ಸ್ನಾನ ಮಾಡಲು, ಹೊರಗೆ ಹೋಗಿ ಒಂದು ಲೋಟ ಟೀ ಕುಡಿಯಲು, ಊರಿಗೆ ಫೋನು ಮಾಡಿ ಅಳಬೇಕೆನಿಸಿದರೆ ಅಳಲು ಬಿಡುವು ಸಿಗುತ್ತದೆ. ಮಕ್ಕಳನ್ನು ರಂಜಿಸುವ ಕೆಲಸದ ಅರ್ಧ ಫಲ ತಾಯಂದಿರಿಗೆ ಸಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕಾಣುವುದಿಲ್ಲ.

ರಂಜನೆಯಿಂದ ಮಗುವಿಗೆ ಅಳೆಯಬಹುದಾದ ಉಪಯೋಗವಿದೆಯೇ? ಇದೆ, ಆದರೆ ಅತಿಯಾಗಿ ಹೇಳಬಾರದು. ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ಮಕ್ಕಳಿದ್ದರು. ಅರಿವಳಿಕೆ ಕೊಡುವ ಹೊತ್ತಿನಲ್ಲಿ ಪೋಷಕರ ಜೊತೆಗೆ ವಿದೂಷಕರೂ ಇದ್ದ ಮಕ್ಕಳ ಭಯ, ಪೋಷಕರಷ್ಟೇ ಇದ್ದ ಮಕ್ಕಳಿಗಿಂತ ಕಡಿಮೆಯಿತ್ತು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇಂಥ 24 ಅಧ್ಯಯನಗಳನ್ನು, ಒಟ್ಟು 1,612 ಮಕ್ಕಳನ್ನು, ಒಟ್ಟಿಗೆ ಪರಿಶೀಲಿಸಿದ ಲೇಖನವನ್ನು ಪ್ರಕಟಿಸಿತು. ಚಿಕಿತ್ಸೆಯ ಹೊತ್ತಿನ ಆತಂಕ ತಗ್ಗುತ್ತದೆ, ಮನಸ್ಸು ಹಗುರಾಗುತ್ತದೆ ಎಂಬ ಕಡೆಗೇ ಅದರ ತೀರ್ಮಾನ ವಾಲಿತ್ತು. ಆದರೆ ಫ್ಲಾರೆನ್ಸಿನ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮಕ್ಕಳಿಗೆ ಒಳ್ಳೆಯದಾಯಿತು ಎಂದು ಒಪ್ಪಿದ ಅಲ್ಲಿನ ಸಿಬ್ಬಂದಿಯಲ್ಲಿ ಹೆಚ್ಚಿನವರು, ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ಆಸ್ಪತ್ರೆಗೆ ಆಸ್ಪತ್ರೆಯದೇ ಒಂದು ಲಯವಿದೆ. ಹೊರಗಿನಿಂದ ಬಂದವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಆ ಲಯಕ್ಕೆ ಹೊಂದಿಕೊಳ್ಳದಿದ್ದರೆ ಹೊರೆಯಾಗುತ್ತಾರೆ.

ವಿದ್ಯಾರ್ಥಿಗಳ ಬಳಗ ಹುಟ್ಟುವುದು ಈ ಹೊಂದಿಕೊಳ್ಳುವಿಕೆಯಲ್ಲೇ. ಆಸ್ಪತ್ರೆಯ ಶಿಸ್ತು ಅವರನ್ನು ಒಬ್ಬರನ್ನೊಬ್ಬರು ಅವಲಂಬಿಸುವಂತೆ ಮಾಡುತ್ತದೆ. 1986ರಲ್ಲಿ ನ್ಯೂಯಾರ್ಕಿನ ಬಿಗ್ ಆಪಲ್ ಸರ್ಕಸ್ಸಿನ ಮೈಕೇಲ್ ಕ್ರಿಸ್ಟೆನ್‌ಸನ್ ಮಕ್ಕಳ ಆಸ್ಪತ್ರೆಗೆ ವಿದೂಷಕರ ತಂಡ ಕಟ್ಟಿದರು. ಆಸ್ಪತ್ರೆಯಲ್ಲಿ ವಿದೂಷಕರು ವೃತ್ತಿಯಾಗಿ ಕೆಲಸ ಮಾಡುವ ಪದ್ಧತಿ ಅಲ್ಲಿಂದ ಹರಡಿತು. ಇಂಥ ವಿದೂಷಕರು ಸಾಮಾನ್ಯವಾಗಿ ಜೋಡಿಯಾಗಿ ಹೋಗುತ್ತಾರೆ. ಇದಕ್ಕೆ ಕಾರಣ ಸರಳ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಜಗಳವಾಡಬಹುದು, ಪೆದ್ದರಾಗಬಹುದು, ಮಗು ಮಂಚದ ಮೇಲೆ ಮಲಗಿಕೊಂಡೇ ನೋಡುತ್ತಿದ್ದರೂ ಸಾಕು. ಒಬ್ಬನೇ ಹೋದರೆ ಅವನು ಮಗುವಿನಿಂದ ಪ್ರತಿಕ್ರಿಯೆ ಬೇಡುತ್ತಾನೆ. ಮಗುವಿಗೆ ನಗಬೇಕಾದ ಜವಾಬ್ದಾರಿ ಬೀಳುತ್ತದೆ. ಕಾಯಿಲೆಯ ಮಗುವಿಗೆ ಆ ಹೊರೆ ಕೊಡಬಾರದು. ಜೊತೆಗಾರ ಇದ್ದಾಗ ಮಾತ್ರ ಅದನ್ನು ತಪ್ಪಿಸಲು ಸಾಧ್ಯ.

ಹತ್ತಿರದಿಂದ ಒಂದು ವಾರ್ಡನ್ನು ನೋಡಿ. ಮಧ್ಯಾಹ್ನದ ರೌಂಡ್ಸ್ ಮುಗಿದಿದೆ. ಏಳೆಂಟು ವರ್ಷದ ಹುಡುಗ ಎಡಗೈಯನ್ನು ದಿಂಬಿನ ಮೇಲೆ ಚಾಚಿ ಕೂತಿದ್ದಾನೆ. ಸೂಜಿ ಅಲುಗಾಡದಂತೆ ಮಣಿಕಟ್ಟಿಗೆ ರಟ್ಟು ಕಟ್ಟಿದೆ. ಎದುರಿಗೆ ಇಬ್ಬರು ವಿದ್ಯಾರ್ಥಿಗಳು. ನಡುವೆ ಒರೆಸಿ ತೆಗೆಯಬಹುದಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚೌಕಾಬಾರದ ಮನೆ. ಕವಡೆಗಳನ್ನು ಸೋಪಿನ ನೀರಲ್ಲಿ ತೊಳೆದು ತಂದಿದ್ದಾರೆ. ಹುಡುಗ ಬಲಗೈಯಲ್ಲಿ ಕವಡೆ ಎಸೆಯುತ್ತಾನೆ, ಬಾರ ಬೀಳುತ್ತದೆ, ಎದುರಿನವನ ಕಾಯಿ ಹೊಡೆಯುತ್ತಾನೆ. ಡ್ರಿಪ್ ನೋಡಲು ಬಂದ ಸಿಸ್ಟರ್ ಬಾಟಲಿ ಸರಿಮಾಡಿ, ಆಟ ನಿಲ್ಲಿಸದೆ ಹೋಗುತ್ತಾರೆ. ಹುಡುಗ ಎದುರಿಗಿರುವ ವಿದ್ಯಾರ್ಥಿಯನ್ನು ಕೇಳುತ್ತಾನೆ: “ಅಣ್ಣಾ, ಹೋದ ವಾರ ಆ ಅಕ್ಕ ಬಂದಿದ್ಲಲ್ಲ, ಆಕೀ ಯಾಕ ಬರಲಿಲ್ಲ ಇವತ್ತು?” ಆ ಅಕ್ಕನಿಗೆ ಪರೀಕ್ಷೆ. ಆದರೆ ಆಕೆ ಹೇಳುತ್ತಿದ್ದ ಹುಲಿಯ ಕಥೆ ಎಲ್ಲಿಗೆ ನಿಂತಿದೆ ಎಂದು ಇವರಿಗೆ ಗೊತ್ತಿದೆ. ತಂಡದ ನೋಟ್‌ಬುಕ್ಕಿನಲ್ಲಿ ಆಕೆ ಬರೆದಿಟ್ಟಿದ್ದಾಳೆ: “ಕಿಟಕಿ ಪಕ್ಕದ ಮಂಚ. ಹುಲಿ ಬಾವಿ ಹತ್ತಿರ ಬಂದಿದೆ. ಮುಂದಿನ ವಾರ ಅಲ್ಲಿಂದ. ಜೋರು ಸದ್ದು ಅವನಿಗೆ ಇಷ್ಟವಿಲ್ಲ.”

ಆ ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರಿಲ್ಲ, ಕಾಯಿಲೆಯ ವಿವರವಿಲ್ಲ. ಇರುವುದು ಹುಲಿ, ಬಾವಿ, ಸದ್ದು. ಆದರೆ ಮಗುವಿಗೆ ಬೇಕಾದದ್ದು ಅಷ್ಟೇ: ತನ್ನ ಕಥೆ ಯಾರಿಗೋ ನೆನಪಿದೆ ಎಂಬ ಭರವಸೆ. ಒಬ್ಬ ವಿದ್ಯಾರ್ಥಿಗೆ ಪ್ರತಿ ವಾರ ತಪ್ಪದೆ ಬರಲು ಆಗುವುದಿಲ್ಲ. ಪರೀಕ್ಷೆ ಬರುತ್ತದೆ, ಊರಲ್ಲಿ ಹಬ್ಬ ಬರುತ್ತದೆ, ನೆಗಡಿ ಬರುತ್ತದೆ. ನೆಗಡಿಯಾದವರು ವಾರ್ಡಿಗೆ ಕಾಲಿಡಲೇಬಾರದು. ತಾಯಂದಿರು ‘ಕೌಂಟು ಕಮ್ಮಿಯಾಗಿದೆ’ ಎನ್ನುತ್ತಾರಲ್ಲ, ಕಿಮೊ ತೆಗೆದುಕೊಂಡ ಮಗುವಿನ ರಕ್ತದಲ್ಲಿ ಬಿಳಿಕಣಗಳು ಇಳಿದಿರುವಾಗ ಬೇರೆಯವರ ಸಣ್ಣ ಸೀನು ಅದಕ್ಕೆ ದೊಡ್ಡ ಸೋಂಕಾಗಬಹುದು. ಹೀಗೆ ಒಬ್ಬರು ತಪ್ಪಿದಾಗ ಇನ್ನೊಬ್ಬರು ಕಥೆಯ ಎಳೆ ಹಿಡಿಯಬೇಕು. ಅದಕ್ಕಾಗಿ ಹೊರಡುವ ಮುನ್ನ ಕೂತು ಮಾತಾಡಬೇಕು, ಬಂದ ಮೇಲೆ ಬರೆಯಬೇಕು, ನಡುವೆ ಫೋನು ಮಾಡಬೇಕು. ಇಷ್ಟೆಲ್ಲ ಮಾಡುತ್ತ ಹೋದವರು ಗೆಳೆಯರಾಗದೆ ಇರುವುದು ಕಷ್ಟ. ಗೆಳೆತನಕ್ಕೆಂದೇ ಏರ್ಪಡಿಸುವ ಕಾಲೇಜು ಕಾರ್ಯಕ್ರಮಗಳಲ್ಲಿ ಸಿಗದೆ ಹೋಗುವುದು ಇಲ್ಲಿ ತಾನಾಗಿ ಸಿಗುತ್ತದೆ. ಇಲ್ಲಿ ಇವರು ಒಬ್ಬರಿಗೊಬ್ಬರು ನಿಜವಾಗಿ ಬೇಕಾಗಿದ್ದಾರೆ.

ಇನ್ನೊಂದು ಪಾಠ ಮಗುವಿನ ‘ಬೇಡ’ದಿಂದ ಬರುತ್ತದೆ. ಆಸ್ಪತ್ರೆಯಲ್ಲಿ ಮಗುವಿಗೆ ಯಾವುದಕ್ಕೂ ಬೇಡ ಎನ್ನುವ ಸ್ವಾತಂತ್ರ್ಯವಿಲ್ಲ. ಸೂಜಿ ಬೇಡವೆಂದರೂ ಚುಚ್ಚುತ್ತಾರೆ, ಮಾತ್ರೆ ಬೇಡವೆಂದರೂ ನುಂಗಿಸುತ್ತಾರೆ. ಅವೆಲ್ಲ ಅದರ ಒಳ್ಳೆಯದಕ್ಕೇ, ಸರಿ. ಆದರೆ ಆಟವಾಡಿಸಲು ಬಂದವರಿಗೂ ಬೇಡ ಎನ್ನಲಾಗದಿದ್ದರೆ ಆ ಆಟವೂ ಇನ್ನೊಂದು ಚಿಕಿತ್ಸೆಯೇ ಆಗಿಬಿಡುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಆಸ್ಪತ್ರೆಯ ಅಲಂಕಾರ ಹೇಗಿರಬೇಕೆಂದು 250ಕ್ಕೂ ಹೆಚ್ಚು ಮಕ್ಕಳನ್ನು ಕೇಳಿದಾಗ, ಗೋಡೆಯ ಮೇಲಿನ ವಿದೂಷಕರ ಚಿತ್ರಗಳನ್ನು ಮಕ್ಕಳು ಇಷ್ಟಪಡುವುದಿಲ್ಲವೆಂದು ಗೊತ್ತಾಯಿತು; 2008ರಲ್ಲಿ ಇದು ಸುದ್ದಿಯಾಯಿತು. ಮಕ್ಕಳಿಗೆ ಏನು ಇಷ್ಟವೆಂದು ದೊಡ್ಡವರು ತಾವೇ ತೀರ್ಮಾನಿಸಿಕೊಂಡಿದ್ದರು. ಅದಕ್ಕೇ ಒಳ್ಳೆಯ ತಂಡಗಳು ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು “ಬರಬಹುದಾ?” ಎಂದು ಕೇಳುತ್ತವೆ. ಮಗು ತಲೆಯಲ್ಲಾಡಿಸಿದರೆ ಕೈಬೀಸಿ ಮುಂದೆ ಹೋಗುತ್ತವೆ. ವಾರಗಟ್ಟಲೆ ಅಭ್ಯಾಸ ಮಾಡಿದ ಗೊಂಬೆಯಾಟವನ್ನು ಚೀಲದಿಂದ ತೆಗೆಯದೆ ವಾಪಸಾಗುವುದು ಹತ್ತೊಂಬತ್ತು ವರ್ಷದ ಹುಡುಗಿಗೆ ಸುಲಭವಲ್ಲ. ಅದನ್ನು ಸೋಲೆಂದುಕೊಳ್ಳದಂತೆ ಅವಳನ್ನು ಕಾಯುವುದು ಜೊತೆಯವರು. ಅದೇ ವಾರ್ಡಿನಲ್ಲಿ ತಮಗೂ ಹಾಗಾದದ್ದನ್ನು ಅವರು ಬಲ್ಲರು.

ಇಂಥ ತಂಡದಲ್ಲಿ ಸೇರುವವರು ತರಗತಿಯ ಗುಂಪುಗಳಂತೆ ಒಂದೇ ತರದವರಲ್ಲ. ನಮ್ಮ ಕಾಲೇಜುಗಳಲ್ಲಿ ಮಕ್ಕಳು ಬಹುಬೇಗ ಭಾಷೆ, ಊರು, ಜಾತಿ, ದುಡ್ಡು, ಓದುವ ವಿಷಯ ಇವುಗಳ ಮೇಲೆ ಗುಂಪುಗಳಾಗಿ ಒಡೆಯುತ್ತಾರೆ. ವಾರ್ಡಿನಲ್ಲಿ ಈ ಬೇಲಿಗಳಿಗೆ ಬೆಲೆ ಇಲ್ಲ. ಅನಂತಪುರದ ಕಡೆಯ ಮಗು ಬಂದಿದ್ದರೆ ತರಗತಿಯಲ್ಲಿ ಬಾಯಿಬಿಡದ ತೆಲುಗಿನ ಹುಡುಗ ಅಂದಿನ ನಾಯಕ. ರಾಯಚೂರಿನ ಅಜ್ಜಿಯ ಮಾತು ಅರ್ಥವಾಗದೆ ಬೆಂಗಳೂರಿನ ಹುಡುಗಿ ಒದ್ದಾಡುವಾಗ, ತನ್ನ ಮಾತಿನ ಧಾಟಿಗೆ ಹಾಸ್ಟೆಲಿನಲ್ಲಿ ಗೇಲಿಗೊಳಗಾಗಿದ್ದ ದೇವದುರ್ಗದ ಹುಡುಗನ ಕನ್ನಡ ಅಲ್ಲಿ ಎಲ್ಲರಿಗೂ ಬೇಕಾದ ಕನ್ನಡ. ಕಾಗದ ಮಡಚಿ ಕಪ್ಪೆ ಮಾಡಬಲ್ಲವನಿಗೆ, ಅಜ್ಜಿಯಿಂದ ಒಗಟು ಕಲಿತವಳಿಗೆ, ಹಳ್ಳಿಯ ಜಾತ್ರೆಯಲ್ಲಿ ತೊಗಲುಗೊಂಬೆ ನೋಡಿ ಬೆಳೆದವನಿಗೆ ಇಲ್ಲಿ ಸಿಗುವ ಮರ್ಯಾದೆ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ. 13ರಿಂದ 29 ವರ್ಷದವರಲ್ಲಿ ಈ ಪ್ರಮಾಣ ಶೇ 17ರಿಂದ 21. ತುಂಬಿ ತುಳುಕುವ ಹಾಸ್ಟೆಲಿನಲ್ಲೂ ಒಂಟಿತನ ಇರುತ್ತದೆ, ಏಕೆಂದರೆ ಅದು ಜನ ಕಡಿಮೆಯಾಗಿದ್ದಕ್ಕೆ ಬರುವಂಥದಲ್ಲ. ತನ್ನಿಂದ ಯಾರಿಗೂ ಏನೂ ಆಗಬೇಕಿಲ್ಲ ಎನ್ನಿಸಿದಾಗ ಬರುತ್ತದೆ. ವಾರ್ಡು ಆ ಅನಿಸಿಕೆಯನ್ನು ಬೇರುಸಹಿತ ಕೀಳುತ್ತದೆ.

ಬಳಗ ಬೇಕಾಗುವ ಅತಿ ಕಷ್ಟದ ಘಳಿಗೆಯೂ ಇದೆ. ಒಂದು ವಾರ ಹೋದಾಗ ಕಿಟಕಿ ಪಕ್ಕದ ಮಂಚದಲ್ಲಿ ಬೇರೆ ಮಗು ಇರುತ್ತದೆ. ಹಿಂದಿನ ಮಗು ಡಿಸ್ಚಾರ್ಜ್ ಆಗಿ ಊರಿಗೆ ಹೋಯಿತೋ, ಬೇರೆ ವಾರ್ಡಿಗೆ ಹೋಯಿತೋ, ಇಲ್ಲವೇ ಇನ್ನಿಲ್ಲವೋ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಇವತ್ತು ಗುಣವಾಗುವವರೇ ಹೆಚ್ಚು. ಆದರೂ ಎಲ್ಲರೂ ಗುಣವಾಗುವುದಿಲ್ಲ. ವಿದ್ಯಾರ್ಥಿಗೆ ಅದು ಬಹುಶಃ ಮೊದಲ ಸಾವು. ತನಗೆ ಅಳುವ ಹಕ್ಕಿದೆಯೇ ಎಂಬುದೂ ಅವನಿಗೆ ಗೊತ್ತಿರುವುದಿಲ್ಲ. ಅವನು ಮಗುವಿನ ಬಂಧುವಲ್ಲ, ವೈದ್ಯನಲ್ಲ, ವಾರಕ್ಕೊಮ್ಮೆ ಚೌಕಾಬಾರ ಆಡಿದವನು ಮಾತ್ರ. ಮನೆಯಲ್ಲಿ ಹೇಳಿದರೆ “ಅಲ್ಲಿಗೆಲ್ಲ ಯಾಕೆ ಹೋಗ್ತೀಯೋ, ಸಾಕು ಬಿಡು” ಎನ್ನುತ್ತಾರೆ. ಆ ಮಗುವಿನ ಹೆಸರು ಹೇಳಿದ ಕೂಡಲೇ ಯಾರೆಂದು ಅರ್ಥವಾಗುವ ಜನ ತಂಡದಲ್ಲಿ ಮಾತ್ರ ಇರುತ್ತಾರೆ. ಒಬ್ಬಂಟಿ ಸ್ವಯಂಸೇವಕ ಇಂಥ ದಿನದ ಮರುವಾರ ಬರುವುದನ್ನು ನಿಲ್ಲಿಸುತ್ತಾನೆ. ಅದು ಅವನ ತಪ್ಪಲ್ಲ. ತಂಡವಿದ್ದವನು ಮರಳಿ ಬರುತ್ತಾನೆ. ಉಳಿದ ಮಂಚಗಳ ಮಕ್ಕಳಿಗೆ ಅವನು ಮರಳಿ ಬರುವುದು ಬೇಕು.

ಈಗ ಆಕ್ಷೇಪಗಳಿಗೆ ಬರೋಣ. ಸೇವೆಯಲ್ಲಿ ತನಗೇನಾದರೂ ಸಿಕ್ಕರೆ ಅದು ಸೇವೆಯೇ ಅಲ್ಲ ಎನ್ನುವವರಿದ್ದಾರೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಅದು ದೊಡ್ಡ ಆದರ್ಶ, ಅದನ್ನು ಗೌರವಿಸುತ್ತೇನೆ. ಆದರೆ ಸಂತೋಷವಿಲ್ಲದೆ ಬರುವವನನ್ನು ಮಗು ಕ್ಷಣದಲ್ಲಿ ಗುರುತಿಸುತ್ತದೆ. ಕರ್ತವ್ಯವೆಂದು ನಗಿಸಲು ಬಂದವನ ಮುಂದೆ ಯಾವ ಮಗುವೂ ನಗುವುದಿಲ್ಲ. ಈ ಕೆಲಸದಲ್ಲಿ ಕೊಡುವವನ ಖುಷಿಯೇ ಕೊಡುವ ವಸ್ತು. ಕೇಳಬೇಕಾದ ಪ್ರಶ್ನೆ ಒಂದೇ: ವಿದ್ಯಾರ್ಥಿಯ ಖುಷಿ ಮಗುವಿನ ಖುಷಿಗೆ ಅಧೀನವಾಗಿದೆಯೇ? ಮಗು ಬೇಡವೆಂದಾಗ ಹಿಂದೆ ಸರಿಯುವವನ ಖುಷಿ ಅಧೀನವಾಗಿದೆ. ಮಗು ನಿದ್ದೆಗಣ್ಣಲ್ಲಿದ್ದರೂ ಎಬ್ಬಿಸಿ ಫೋಟೊ ತೆಗೆಸಿಕೊಳ್ಳುವವನದು ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸೇವೆಗೆ ಅಂಕ, ಗಂಟೆ, ಪ್ರಮಾಣಪತ್ರ ಬಂದ ಮೇಲೆ ವಿದ್ಯಾರ್ಥಿಗಳು ಅದಕ್ಕಾಗಿಯೇ ಬರುತ್ತಾರೆ ಎಂಬುದು. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. 2018–19ರಿಂದ ಸೇರಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ 100 ಚಟುವಟಿಕೆ ಅಂಕ ಗಳಿಸಬೇಕು. ಇವುಗಳಿಂದ ಅನೇಕರು ಮೊದಲ ಸಲ ಆಸ್ಪತ್ರೆಯ ಬಾಗಿಲು ದಾಟಿದ್ದಾರೆ, ಅದು ಒಳ್ಳೆಯದೇ. ಅಂಕಕ್ಕಾಗಿ ಬಂದವರು ಮಕ್ಕಳಿಗಾಗಿ ಉಳಿಯುವುದೂ ಇದೆ. ತೊಂದರೆ ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ಗಂಟೆ ಎಣಿಸುವ ವ್ಯವಸ್ಥೆಗೆ ನಲವತ್ತು ಜನ ಒಂದೇ ದಿನ ಬಸ್ಸಿನಲ್ಲಿ ಬಂದು ಬಲೂನು ಹಂಚಿ, ಕೇಕು ಕತ್ತರಿಸಿ ಹೋದರೂ, ನಾಲ್ಕು ಜನ ವರ್ಷವಿಡೀ ವಾರಕ್ಕೊಮ್ಮೆ ಬಂದರೂ ಒಂದೇ ಲೆಕ್ಕ. ಮಗುವಿಗೆ ಅದು ಒಂದೇ ಅಲ್ಲ. ಆ ನಲವತ್ತು ಜನ ಹೋದ ಮೇಲೆ ವಾರ್ಡಿನಲ್ಲಿ ಉಳಿಯುವುದು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಬಹುದಾದ ಒಡೆದ ಬಲೂನಿನ ಚೂರು, ಸಿಸ್ಟರಿಗೆ ಹೆಚ್ಚಾದ ಕೆಲಸ. ಆ ನಲವತ್ತು ಜನರ ನಡುವೆಯೂ ಯಾವ ಬಳಗವೂ ಹುಟ್ಟಿರುವುದಿಲ್ಲ. ಅವರಿಗೆ ಒಬ್ಬರಿಂದೊಬ್ಬರಿಗೆ ಏನೂ ಬೇಕಾಗಿರಲಿಲ್ಲ. ಮಗುವಿಗೆ ಏನೂ ದಕ್ಕದ ಕಡೆ ವಿದ್ಯಾರ್ಥಿಗೂ ಏನೂ ದಕ್ಕುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮೂರನೆಯ ಮಾತು: ಇದು ಸರಕಾರದ ಹೊಣೆ, ತರಬೇತಿಯಾದವರನ್ನು ನೇಮಿಸಬೇಕು, ಹುಡುಗರ ಕೈಗೆ ಒಪ್ಪಿಸಬಾರದು ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಮೆರಿಕದ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಚಿಕಿತ್ಸೆಯನ್ನು ಆಟದ ಮೂಲಕ ಅರ್ಥಮಾಡಿಸುವ ವೃತ್ತಿಪರರು ದಶಕಗಳಿಂದ ಇದ್ದಾರೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯ 2015ರಲ್ಲಿ ಸಾರ್ವಜನಿಕ ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೆ ವಿದೂಷಕರು ಇರಬೇಕೆಂದು ಕಾನೂನನ್ನೇ ತಂದಿತು. ನಮ್ಮಲ್ಲೂ ಮಕ್ಕಳ ದೊಡ್ಡ ಆಸ್ಪತ್ರೆಗಳಲ್ಲಿ ಅಂಥ ಹುದ್ದೆ ಇರಬೇಕು. ಆದರೆ ವೃತ್ತಿಪರರು ಬಂದರೂ ವಿದ್ಯಾರ್ಥಿಗಳ ಜಾಗ ಖಾಲಿಯಾಗುವುದಿಲ್ಲ. ಸೂಜಿಗೆ ಹೆದರುವ ಮಗುವನ್ನು ಸಿದ್ಧಗೊಳಿಸುವುದು ತರಬೇತಿಯಾದವರ ಕೆಲಸ. ಮಧ್ಯಾಹ್ನವಿಡೀ ಚೌಕಾಬಾರದಲ್ಲಿ ಸೋಲುತ್ತ ಕೂರುವುದಕ್ಕೆ ಅಣ್ಣ, ಅಕ್ಕ ಬೇಕು. ಹಾಗೂ ಈ ಅಣ್ಣ ಅಕ್ಕಂದಿರನ್ನು ತಿದ್ದಲು, ಎಚ್ಚರಿಸಲು ಆ ವೃತ್ತಿಪರರೇ ಬೇಕು.

ಹಾಗಿದ್ದರೆ ಮಾಡಬೇಕಾದದ್ದೇನು? ಕಾಲೇಜುಗಳು ಇಷ್ಟು ಮಾಡಲಿ. ಒಂದು ತಂಡಕ್ಕೆ ಒಂದೇ ವಾರ್ಡು, ವಾರದಲ್ಲಿ ಒಂದೇ ನಿಗದಿಯಾದ ದಿನ. ತಂಡದಲ್ಲಿ ಎಂಟು ಹತ್ತು ಜನ, ವಾರ್ಡಿನೊಳಗೆ ಒಮ್ಮೆಗೆ ಇಬ್ಬಿಬ್ಬರು. ಮೊದಲ ತಿಂಗಳು ಆಟವಿಲ್ಲ. ಹೆಡ್ ಸಿಸ್ಟರಿಂದ ಕೈ ತೊಳೆಯುವುದರಿಂದ ಹಿಡಿದು ಯಾವ ಮಂಚದ ಬಳಿ ಹೋಗಬಾರದು ಎನ್ನುವವರೆಗೆ ಕಲಿಯುವುದು. ತೊಳೆಯಲಾಗದ ಆಟಿಕೆ ಬೇಡ, ಹೊರಗಿನ ತಿಂಡಿ ಬೇಡ, ಫೋನು ಬಾಗಿಲಲ್ಲೇ ಇರಲಿ. ಪ್ರತಿ ಭೇಟಿಯ ನಂತರ ಅರ್ಧ ಗಂಟೆ ಕೂತು ಮಾತಾಡುವುದು ಕೆಲಸದ ಭಾಗವೇ ಆಗಲಿ, ಅದಕ್ಕೂ ಗಂಟೆಯ ಲೆಕ್ಕ ಸಿಗಲಿ. ದುಃಖದ ದಿನಕ್ಕೆ ಒಬ್ಬ ಹಿರಿಯ ಅಧ್ಯಾಪಕರು ಅವರ ಜೊತೆಗಿರಲಿ. ಕೊನೆಯ ವರ್ಷದವರು ಹೊರಡುವ ಮೊದಲು ಕಿರಿಯರನ್ನು ವಾರ್ಡಿಗೆ ಕರೆದೊಯ್ದು ಪರಿಚಯಿಸಿ, ನೋಟ್‌ಬುಕ್ ಕೈಗಿಟ್ಟು ಹೋಗಲಿ. ಅಂಕ ಕೊಡುವುದಾದರೆ ಬಂದ ತಲೆಗಳನ್ನು ಎಣಿಸಿ ಕೊಡಬೇಡಿ, ಉಳಿದ ಕಾಲವನ್ನು ನೋಡಿ ಕೊಡಿ.

ಆಸ್ಪತ್ರೆಗಳ ಕಡೆಯಿಂದ ಬೇಕಾದದ್ದು ಇನ್ನೂ ಕಡಿಮೆ: ಒಂದು ಕಪಾಟು, ಕೂತು ಮಾತಾಡಲು ಒಂದು ಮೂಲೆ, ಪ್ರಶ್ನೆ ಕೇಳಲು ಒಬ್ಬ ಸಿಸ್ಟರ್. ಇವಕ್ಕೆ ದೊಡ್ಡ ಅನುದಾನ ಬೇಡ, ಮನಸ್ಸು ಬೇಕು.

ಮಗುವನ್ನು ನಗಿಸುವುದು ಸಣ್ಣ ಕೆಲಸವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಒಬ್ಬರನ್ನೊಬ್ಬರು ನೆಚ್ಚಿಕೊಳ್ಳುವುದನ್ನು, ಕೊಟ್ಟ ಮಾತಿಗೆ ಮರುವಾರ ಬರುವುದನ್ನು, ಬೇಡವೆಂದವರ ಮುಂದೆ ಗೌರವದಿಂದ ಹಿಂದೆ ಸರಿಯುವುದನ್ನು, ತನ್ನದಲ್ಲದ ದುಃಖವನ್ನೂ ಹಂಚಿಕೊಂಡು ಹೊರುವುದನ್ನು ಕಲಿಸುವ ಪಠ್ಯ ನಮ್ಮ ಯಾವ ವಿಶ್ವವಿದ್ಯಾಲಯದಲ್ಲಿದೆ? ಒಂದು ಸಮಾಜವನ್ನು ಕಟ್ಟಿ ನಿಲ್ಲಿಸುವುದು ಈ ನಾಲ್ಕು ಗುಣಗಳೇ. ಮಕ್ಕಳ ವಾರ್ಡು ಇವನ್ನು ಕಲಿಸಲು ಸಿದ್ಧವಿದೆ; ಗುರುಗಳು ಅಲ್ಲಿನ ಮಕ್ಕಳೇ. ಆ ಮಕ್ಕಳಿಂದ ಇಷ್ಟನ್ನು ಪಡೆಯುವ ವಿದ್ಯಾರ್ಥಿಗಳು ಸಂಕೋಚಪಡಬೇಕಿಲ್ಲ. ಪಡೆದದ್ದಕ್ಕೆ ಪ್ರತಿಯಾಗಿ ಅವರು ಕೊಡಬೇಕಾದದ್ದು ಒಂದೇ: ಮುಂದಿನ ವಾರ, ಅದೇ ದಿನ, ಅದೇ ವಾರ್ಡಿಗೆ ತಪ್ಪದೆ ಬರುವುದು. ಅವರು ಹಾಗೆ ಬರಲು ಅನುವಾಗುವಂತೆ ವೇಳಾಪಟ್ಟಿ ಬರೆಯುವುದು ಕಾಲೇಜು ನಡೆಸುವವರ ಕರ್ತವ್ಯ.